ದಾಂಪತ್ಯ ಮುರಿದಾಗ ವಕೀಲರ ಆಯ್ಕೆ

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಯಾವ ವೈದ್ಯರ ಬಳಿಗೆ ಹೋಗಬೇಕೆಂದು ನಾವು ನೆರೆಹೊರೆಯವರನ್ನು ಸಂಕೋಚವಿಲ್ಲದೆ ಕೇಳುತ್ತೇವೆ. ದಾಂಪತ್ಯಕ್ಕೆ ರೋಗ ತಗುಲಿದಾಗ ಮಾತ್ರ ಯಾರನ್ನೂ ಕೇಳುವುದಿಲ್ಲ. ಮಾನಕ್ಕೆ ಅಂಜಿ ಮಾತನ್ನು ಮನೆಯೊಳಗೇ ಮುಚ್ಚಿಡುತ್ತೇವೆ. ಮುಚ್ಚಿಡಲಾಗದ ದಿನ ಬಂದಾಗ ಗಾಬರಿಗೊಂಡು ಊರಿನಲ್ಲಿರುವ ನೆಂಟರ ಪೈಕಿ ವಕೀಲರಾದವರಿಗೋ, ಸೋದರಮಾವನ ಸ್ನೇಹಿತರಿಗೋ ಫೋನು ಮಾಡುತ್ತೇವೆ. ಅವರು ಸಜ್ಜನರೂ ಸಮರ್ಥರೂ ಆಗಿರಬಹುದು. ಆದರೆ ನಮ್ಮ ಮೊಕದ್ದಮೆ ನಡೆಯಬೇಕಾದ ನ್ಯಾಯಾಲಯದಲ್ಲಿ ಅವರು ಕೆಲಸ ಮಾಡುವವರೇ ಎಂಬ ಪ್ರಶ್ನೆಯನ್ನು ಆ ಗಾಬರಿಯಲ್ಲಿ ಯಾರೂ ಕೇಳುವುದಿಲ್ಲ.

ಮುಂಬಯಿಯಂಥ ನಗರದಲ್ಲಿ ನೆಲೆಸಿದ ಕನ್ನಡಿಗರ ಸಂಸಾರಕ್ಕೆ ಸಾಮಾನ್ಯವಾಗಿ ಎರಡು ಊರುಗಳಿರುತ್ತವೆ. ಮದುವೆ ಒಂದೆಡೆ, ಬಾಳುವೆ ಇನ್ನೊಂದೆಡೆ. ಆದುದರಿಂದಲೇ ವಿಚ್ಛೇದನ, ಜೀವನಾಂಶ, ಮಕ್ಕಳ ಪಾಲನೆ ಇವುಗಳ ವಿಷಯದಲ್ಲಿ ವಕೀಲರನ್ನು ಆರಿಸುವುದು ನಮಗೆ ಊರಿನಲ್ಲಿರುವವರಿಗಿಂತ ಕಠಿಣವಾದುದು. ಈ ದುಃಖದ ವಿಷಯ ಯಾರ ಮನೆಗೂ ಬಾರದಿರಲಿ ಎಂಬುದೇ ಎಲ್ಲರ ಹಾರೈಕೆ. ಆದರೂ ಬಂದವರಿಗೆ ದಾರಿ ತಿಳಿದಿರಬೇಕು ಎಂಬ ಉದ್ದೇಶದಿಂದ ಕೆಲವು ಮಾತುಗಳನ್ನು ಇಲ್ಲಿ ನಿವೇದಿಸಲಾಗಿದೆ.

ಮೊದಲು ನ್ಯಾಯಾಲಯ, ಆಮೇಲೆ ವಕೀಲರು

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಉಡುಪಿಯಲ್ಲಿ ಮದುವೆಯಾದ ದಂಪತಿಗಳು ಮುಲುಂಡಿನಲ್ಲಿ ಸಂಸಾರ ಹೂಡಿದರು. ಎಂಟು ವರ್ಷಗಳ ಬಳಿಕ ವಿರಸ ಬೆಳೆದು, ಹೆಂಡತಿಯು ಆರು ವರ್ಷದ ಮಗನೊಡನೆ ಹುಬ್ಬಳ್ಳಿಯ ತವರುಮನೆಗೆ ಹೋದಳು. ಈಗ ವಿಚ್ಛೇದನದ ಅರ್ಜಿಯನ್ನು ಎಲ್ಲಿ ಸಲ್ಲಿಸಬೇಕು?

1955ರ ಹಿಂದೂ ವಿವಾಹ ಕಾಯಿದೆಯ 19ನೆಯ ಕಲಮು ಇದಕ್ಕೆ ಉತ್ತರ ಕೊಡುತ್ತದೆ. ಮದುವೆ ನಡೆದ ಸ್ಥಳ, ಅರ್ಜಿ ಸಲ್ಲಿಸುವಾಗ ಎದುರು ಪಕ್ಷದವರು ವಾಸವಾಗಿರುವ ಸ್ಥಳ, ದಂಪತಿಗಳು ಕೊನೆಯದಾಗಿ ಒಟ್ಟಿಗೆ ಬಾಳಿದ ಸ್ಥಳ, ಇವುಗಳಲ್ಲಿ ಯಾವುದಾದರೂ ಒಂದರ ನ್ಯಾಯಾಲಯಕ್ಕೆ ಹೋಗಬಹುದು. ಅರ್ಜಿದಾರಳು ಹೆಂಡತಿಯಾದರೆ ತಾನು ಆಗ ವಾಸವಾಗಿರುವ ಸ್ಥಳದಲ್ಲಿಯೂ ಸಲ್ಲಿಸಬಹುದೆಂಬ ಅನುಕೂಲವನ್ನು 2003ರ ತಿದ್ದುಪಡಿಯು ಸೇರಿಸಿತು. ಹೀಗಾಗಿ ನಮ್ಮ ಉದಾಹರಣೆಯಲ್ಲಿ ಉಡುಪಿ, ಮುಂಬಯಿ, ಹುಬ್ಬಳ್ಳಿ ಈ ಮೂರು ಊರುಗಳ ನ್ಯಾಯಾಲಯಗಳ ಬಾಗಿಲೂ ಇಬ್ಬರಿಗೂ ತೆರೆದಿರುತ್ತದೆ.

ಮುಂಬಯಿಯೊಳಗೂ ವ್ಯಾಪ್ತಿಯ ಪ್ರಶ್ನೆಯಿದೆ. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯ ಮೇರೆಗೆ 1989ರಲ್ಲಿ ಆರಂಭವಾದ, ಬಾಂದ್ರಾದಲ್ಲಿರುವ ಕುಟುಂಬ ನ್ಯಾಯಾಲಯದ ವ್ಯಾಪ್ತಿ ಮುಂಬಯಿ ಮಹಾನಗರಕ್ಕೆ ಸೀಮಿತವಾದುದು. ಮುಲುಂಡಿನವರಿಗೆ ಅದು ಸಲ್ಲುತ್ತದೆ. ಡೊಂಬಿವಲಿ, ವಾಶಿ ಮೊದಲಾದ ಕಡೆ ಇರುವವರು ಠಾಣೆ ಜಿಲ್ಲೆಗೆ ಸೇರಿದವರು. ದಿನವೂ ಲೋಕಲ್ ಗಾಡಿಯಲ್ಲಿ ಮುಂಬಯಿಗೆ ಬಂದು ಹೋಗುವವರಾದರೂ ಅವರ ವಾಸಸ್ಥಳದ ನ್ಯಾಯಾಲಯ ಬೇರೆ.

ಎರಡು ಊರುಗಳಲ್ಲಿ ಎರಡು ಅರ್ಜಿಗಳು ಬಿದ್ದರೆ ಏನಾಗುತ್ತದೆ? ಗಂಡನೂ ಹೆಂಡತಿಯೂ ಬೇರೆ ಬೇರೆ ಜಿಲ್ಲೆಗಳಲ್ಲಿ ವಿಚ್ಛೇದನವನ್ನು ಕೋರಿದರೆ, ತರುವಾಯ ಸಲ್ಲಿಸಿದ ಅರ್ಜಿಯು ಮೊದಲಿನ ಅರ್ಜಿ ಇರುವ ನ್ಯಾಯಾಲಯಕ್ಕೆ ವರ್ಗವಾಗಬೇಕೆಂದು ಅದೇ ಕಾಯಿದೆಯ 21ಎ ಕಲಮು ಹೇಳುತ್ತದೆ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಮೊಕದ್ದಮೆಯ ವರ್ಗಾವಣೆ ಬೇಕೆನಿಸಿದರೆ ದೆಹಲಿಯ ಸರ್ವೋಚ್ಚ ನ್ಯಾಯಾಲಯಕ್ಕೇ ಅರ್ಜಿ ಹಾಕಬೇಕಾಗುತ್ತದೆ. ಈ ಕಾರಣದಿಂದ ಮೊದಲನೆಯ ಹೆಜ್ಜೆಯನ್ನು ಎಲ್ಲಿ ಇಡಬೇಕೆಂಬುದನ್ನು ಕೋಪದಲ್ಲಿಯಲ್ಲ, ಯೋಚಿಸಿ ನಿರ್ಧರಿಸಬೇಕು. ಬೇರೆ ಊರಿನಿಂದ ಸಮನ್ಸು ಬಂದರೆ, ನಾವಿರುವುದು ಮುಂಬಯಿಯಲ್ಲಿ ಎಂದು ಅದನ್ನು ಕಡೆಗಣಿಸಲೇಬಾರದು. ಹಾಜರಾಗದವರ ಗೈರುಹಾಜರಿಯಲ್ಲಿಯೇ ಏಕಪಕ್ಷೀಯವಾಗಿ ವಿಚಾರಣೆ ನಡೆದು ತೀರ್ಪಾಗಬಹುದು.

ಹಿಂದೂಗಳಲ್ಲದವರಿಗೆ ಬೇರೆ ಕಾಯಿದೆಗಳು ಅನ್ವಯಿಸುತ್ತವೆ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯಿದೆ, ವಿಚ್ಛೇದನ ಕೋರುವ ಮುಸ್ಲಿಂ ಸ್ತ್ರೀಯರಿಗೆ 1939ರ ಕಾಯಿದೆ, ನೋಂದಣಿಯ ಮೂಲಕ ಅಂತರ್ಮತೀಯ ವಿವಾಹವಾದವರಿಗೆ 1954ರ ವಿಶೇಷ ವಿವಾಹ ಕಾಯಿದೆ. ತಮಗೆ ಅನ್ವಯಿಸುವ ಕಾಯಿದೆಯಲ್ಲಿ ಅನುಭವವುಳ್ಳ ವಕೀಲರನ್ನೇ ನೋಡಬೇಕು.

ಮಗುವಿನ ವಿಷಯಕ್ಕೆ ಬೇರೆ ಅಳತೆಗೋಲು

ವಿಚ್ಛೇದನಕ್ಕೆ ಮೂರು ಊರುಗಳಿದ್ದರೂ, ಮಗುವಿನ ಪಾಲನೆಗಾಗಿ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸುವಾಗ ನಿಯಮ ಬೇರೆ. 1890ರ ಪಾಲಕರು ಮತ್ತು ಪಾಲ್ಯರ ಕಾಯಿದೆಯ 9ನೆಯ ಕಲಮಿನಂತೆ ಮಗುವು ಸಾಮಾನ್ಯವಾಗಿ ವಾಸವಾಗಿರುವ ಸ್ಥಳದ ನ್ಯಾಯಾಲಯಕ್ಕೇ ಆ ಅಧಿಕಾರ. ನಮ್ಮ ಉದಾಹರಣೆಯ ಹುಡುಗನು ಮುಲುಂಡಿನ ಶಾಲೆಯಲ್ಲಿ ಓದುತ್ತಿದ್ದು, ರಜೆಗೆಂದು ಹುಬ್ಬಳ್ಳಿಗೆ ಹೋದವನೇ? ಅಥವಾ ಅಲ್ಲಿಯ ಶಾಲೆಗೆ ಸೇರಿ ಎರಡು ವರ್ಷಗಳಾದುವೇ? ಈ ಸಂಗತಿಗಳ ಮೇಲೆ ಉತ್ತರ ನಿಲ್ಲುತ್ತದೆ. ಒಳ್ಳೆಯ ವಕೀಲರು ಮೊದಲ ದಿನವೇ ಶಾಲೆಯ ದಾಖಲೆ, ಲಸಿಕೆಯ ಪುಸ್ತಕ, ವೈದ್ಯರ ಚೀಟಿಗಳನ್ನು ಕೇಳುವುದು ಇದಕ್ಕಾಗಿಯೇ. ವಿಚ್ಛೇದನದ ಮೊಕದ್ದಮೆಯು ನಡೆಯುತ್ತಿರುವಾಗ ಅದೇ ನ್ಯಾಯಾಲಯವು ಹಿಂದೂ ವಿವಾಹ ಕಾಯಿದೆಯ 26ನೆಯ ಕಲಮಿನ ಮೇರೆಗೆ ಮಕ್ಕಳ ಪಾಲನೆ, ಪೋಷಣೆ, ಶಿಕ್ಷಣಗಳ ಬಗ್ಗೆ ಆಜ್ಞೆ ಮಾಡಬಹುದು. ಕಾಲಕ್ಕೆ ತಕ್ಕಂತೆ ಅದನ್ನು ಮಾರ್ಪಡಿಸಲೂಬಹುದು.

ಮಗು ಯಾರಿಗೆ ಸೇರಬೇಕು ಎಂದು ಹಿರಿಯರು ವಾದಿಸುವುದುಂಟು. ಕಾನೂನು ಕೇಳುವ ಪ್ರಶ್ನೆ ಅದಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆಯ 13ನೆಯ ಕಲಮಿನ ಪ್ರಕಾರ ಮಗುವಿನ ಹಿತವೇ ಪರಮ ಪ್ರಧಾನವಾದುದು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು ಆ ಕಾಯಿದೆಯ 6ನೆಯ ಕಲಮು ಹೇಳುತ್ತದೆ. ಹಾಗೆಂದು ಐದು ತುಂಬಿದ ಮರುದಿನವೇ ಮಗು ತಂದೆಗೆ ಸೇರುತ್ತದೆ ಎಂಬುದು ತಪ್ಪು ತಿಳಿವಳಿಕೆ. ತಿಳಿದು ಹೇಳಬಲ್ಲ ವಯಸ್ಸಿನ ಮಗುವಿನ ಇಚ್ಛೆಯನ್ನೂ ನ್ಯಾಯಾಧೀಶರು ಗಮನಿಸಬಹುದು. “ಮಗುವನ್ನು ಪೂರ್ತಿ ನಿಮಗೇ ಕೊಡಿಸುತ್ತೇನೆ, ಎದುರಿನವರಿಗೆ ಮುಖವನ್ನೂ ತೋರಿಸಬೇಕಾಗಿಲ್ಲ” ಎಂದು ಆಶ್ವಾಸನೆ ಕೊಡುವ ವಕೀಲರಿಂದ ದೂರವಿರುವುದು ಒಳಿತು. ಪಾಲನೆ ಒಬ್ಬರಿಗೆ ದೊರೆತರೂ, ಇನ್ನೊಬ್ಬರಿಗೆ ಮಗುವನ್ನು ಕಾಣುವ ಅವಕಾಶವನ್ನು ನ್ಯಾಯಾಲಯವು ಸಾಮಾನ್ಯವಾಗಿ ಕಲ್ಪಿಸಿಕೊಡುತ್ತದೆ.

ಸ್ಥಳೀಯ ವಕೀಲರೇ ಏಕೆ?

1961ರ ವಕೀಲರ ಕಾಯಿದೆಯಂತೆ ಸನದು ಪಡೆದ ವಕೀಲರು ದೇಶದ ಯಾವ ನ್ಯಾಯಾಲಯದಲ್ಲಿಯೂ ವಾದಿಸಬಹುದು. ಉಡುಪಿಯ ವಕೀಲರು ಬಾಂದ್ರಾಕ್ಕೆ ಬಂದರೆ ತಡೆಯುವವರಿಲ್ಲ. ಆದರೆ ಕುಟುಂಬ ನ್ಯಾಯಾಲಯದ ಕೆಲಸ ಒಂದು ದಿನದ ವಾದದಿಂದ ಮುಗಿಯುವುದಲ್ಲ. ಅರ್ಜಿ, ಉತ್ತರ, ಆಪ್ತಸಲಹೆಗಾರರ ಭೇಟಿ, ಮಧ್ಯಂತರ ಜೀವನಾಂಶ, ಮಗುವಿನ ಭೇಟಿಯ ದಿನ, ಸಾಕ್ಷ್ಯ ಹೀಗೆ ತಾರೀಖಿನ ಮೇಲೆ ತಾರೀಖು ಬರುತ್ತದೆ. ದೂರದ ವಕೀಲರಿಗೆ ಪ್ರತಿ ಸಲವೂ ಪ್ರಯಾಣದ ಖರ್ಚು ಕೊಡಬೇಕು. ಅವರು ಬಾರದ ದಿನ ತಾರೀಖು ಮುಂದಕ್ಕೆ ಹೋಗುತ್ತದೆ. ಮಗುವಿನ ಒಂದು ಬೇಸಿಗೆ ರಜೆ ಹೀಗೆಯೇ ಕಳೆದುಹೋಗಬಹುದು.

ಸ್ಥಳೀಯರಿಗೆ ಆ ನ್ಯಾಯಾಲಯದ ಪದ್ಧತಿ ತಿಳಿದಿರುತ್ತದೆ. ಬಾಂದ್ರಾದಲ್ಲಿ ಮೊಕದ್ದಮೆಯು ವಿವಾಹ ಆಪ್ತಸಲಹೆಗಾರರ ಬಳಿಗೆ ಹೋಗುತ್ತದೆ. ಸಾಧ್ಯವಿದ್ದಲ್ಲಿ ಸಮಾಧಾನಕ್ಕೆ ಯತ್ನಿಸುವುದು ನ್ಯಾಯಾಲಯದ ಕರ್ತವ್ಯವೆಂದೇ ಕಾಯಿದೆ ವಿಧಿಸಿದೆ. ಇನ್ನೊಂದು ವಿಶೇಷವೂ ಉಂಟು. ಕುಟುಂಬ ನ್ಯಾಯಾಲಯದಲ್ಲಿ ವಕೀಲರ ಮೂಲಕ ವಾದಿಸುವುದು ಕಕ್ಷಿದಾರರ ಹಕ್ಕಲ್ಲವೆಂದು ಅದೇ ಕಾಯಿದೆಯ 13ನೆಯ ಕಲಮು ಹೇಳುತ್ತದೆ. ವಕೀಲರನ್ನು ಇಟ್ಟುಕೊಳ್ಳಲು ನ್ಯಾಯಾಲಯದ ಅನುಮತಿಯನ್ನು ಕೋರಬೇಕು. ಅನುಮತಿ ಸಾಮಾನ್ಯವಾಗಿ ದೊರೆಯುತ್ತದೆ. ಆದರೆ ಆಪ್ತಸಲಹೆಗಾರರ ಮುಂದೆ ಮಾತನಾಡಬೇಕಾದವರು ಗಂಡ ಹೆಂಡತಿಯರೇ ಹೊರತು ವಕೀಲರಲ್ಲ. ಇದನ್ನು ಮೊದಲೇ ತಿಳಿಸಿ ಕಕ್ಷಿದಾರರ ಮನಸ್ಸನ್ನು ಅಣಿಗೊಳಿಸುವವರೇ ಅನುಭವಸ್ಥ ವಕೀಲರು.

ಭಾಷೆಯ ವಿಷಯವನ್ನೂ ಇಲ್ಲಿ ಹೇಳಬೇಕು. ಕನ್ನಡ ಬಲ್ಲ ವಕೀಲರು ಮುಂಬಯಿಯಲ್ಲಿ ದುರ್ಲಭರಲ್ಲ. ದುಃಖವನ್ನು ತಾಯಿನುಡಿಯಲ್ಲಿ ಹೇಳಿಕೊಳ್ಳುವುದರಲ್ಲಿ ಒಂದು ನೆಮ್ಮದಿಯಿದೆ. ಆದರೆ ಇಲ್ಲಿಯ ನ್ಯಾಯಾಲಯದ ವ್ಯವಹಾರ ಮರಾಠಿ ಮತ್ತು ಇಂಗ್ಲಿಷಿನಲ್ಲಿ ನಡೆಯುತ್ತದೆ. ಊರಿನಿಂದ ತಂದ ಕನ್ನಡದ ವಿವಾಹ ನೋಂದಣಿ ಪತ್ರ, ಲಗ್ನಪತ್ರಿಕೆ, ಕಾಗದಪತ್ರಗಳಿಗೆ ದೃಢೀಕೃತ ಅನುವಾದ ಬೇಕಾಗುತ್ತದೆ. ಅದೇ ಮೊಕದ್ದಮೆಯು ಹುಬ್ಬಳ್ಳಿಯಲ್ಲಿ ನಡೆದರೆ ಮುಂಬಯಿಯ ಮರಾಠಿ ಕಾಗದಗಳಿಗೆ ಅನುವಾದ ಬೇಕು. ಕನ್ನಡ ಬಲ್ಲವರು ಎಂಬುದು ಒಂದು ಅನುಕೂಲ. ಆ ನ್ಯಾಯಾಲಯದಲ್ಲಿ ನಿತ್ಯವೂ ಕೆಲಸ ಮಾಡುವವರು ಎಂಬುದು ಅದಕ್ಕಿಂತ ಮುಖ್ಯ. ಎರಡೂ ಒಬ್ಬರಲ್ಲಿಯೇ ದೊರೆತರೆ ಭಾಗ್ಯ.

ಮೊದಲನೆಯ ಭೇಟಿ

ವಕಾಲತ್ತುನಾಮೆಗೆ ಸಹಿ ಹಾಕುವ ಮುನ್ನ ಇಬ್ಬರು ಮೂವರು ವಕೀಲರನ್ನು ಕಂಡು ಮಾತನಾಡುವುದರಲ್ಲಿ ಸಂಕೋಚ ಬೇಡ. ಕೆಳಗಿನ ಪ್ರಶ್ನೆಗಳನ್ನು ವಿನಯದಿಂದ ಕೇಳಬಹುದು.

1. ತಾವು ಯಾವ ರಾಜ್ಯದ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿದವರು? ಕುಟುಂಬ ನ್ಯಾಯಾಲಯದಲ್ಲಿ ಎಷ್ಟು ವರ್ಷಗಳ ಅನುಭವ?
2. ತಾರೀಖಿನ ದಿನ ತಾವೇ ಬರುವಿರೋ, ಕಿರಿಯ ವಕೀಲರನ್ನು ಕಳುಹಿಸುವಿರೋ?
3. ನಮ್ಮ ಪರವಾಗಿ ಇರುವ ಅಂಶಗಳಾವುವು? ವಿರುದ್ಧವಾಗಿ ಇರುವ ಅಂಶಗಳಾವುವು?
4. ಒಪ್ಪಂದಕ್ಕೆ ಅವಕಾಶವಿದೆಯೇ?
5. ಒಟ್ಟು ಖರ್ಚು ಎಷ್ಟಾಗಬಹುದು? ಅದರಲ್ಲಿ ಏನೇನು ಸೇರಿದೆ?

ಮೂರನೆಯ ಪ್ರಶ್ನೆಗೆ ಬರುವ ಉತ್ತರವೇ ವಕೀಲರ ಪರೀಕ್ಷೆ. ವಿರುದ್ಧ ಅಂಶವೇ ಇಲ್ಲವೆನ್ನುವವರು ನಮ್ಮ ಮಾತನ್ನು ಸರಿಯಾಗಿ ಕೇಳಿಸಿಕೊಂಡಿಲ್ಲ ಎಂದೇ ತಿಳಿಯಬೇಕು.

ಕಕ್ಷಿದಾರರೂ ಏನನ್ನೂ ಮರೆಮಾಚಬಾರದು. ವಕೀಲರಿಗೆ ವಿಶ್ವಾಸದಿಂದ ಹೇಳಿದ ಮಾತನ್ನು ಅವರು ಕಕ್ಷಿದಾರರ ಒಪ್ಪಿಗೆಯಿಲ್ಲದೆ ಹೊರಗೆಡಹುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮು ಈ ರಕ್ಷಣೆಯನ್ನು ಕೊಟ್ಟಿದೆ. ಅಪರಾಧದ ಉದ್ದೇಶದಿಂದ ಆಡಿದ ಮಾತಿಗೆ ಮಾತ್ರ ಈ ರಕ್ಷಣೆಯಿಲ್ಲ. ಆದಾಯದ ವಿಷಯದಲ್ಲಂತೂ ಸತ್ಯವೇ ಲೇಸು. ಜೀವನಾಂಶದ ಪ್ರಕರಣಗಳಲ್ಲಿ ಎರಡೂ ಪಕ್ಷದವರು ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದ ಮೂಲಕ ತಿಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ವಿಧಿಸಿದೆ.

ಮಾನ ಹೋಗುತ್ತದೆಂಬ ಅಳುಕು ಅನೇಕರನ್ನು ವಕೀಲರ ಬಳಿಗೇ ಹೋಗದಂತೆ ತಡೆಯುತ್ತದೆ. ಕುಟುಂಬ ನ್ಯಾಯಾಲಯದಲ್ಲಿ ಯಾವುದೇ ಒಂದು ಪಕ್ಷವು ಅಪೇಕ್ಷಿಸಿದರೆ ವಿಚಾರಣೆಯನ್ನು ಮುಚ್ಚಿದ ಬಾಗಿಲೊಳಗೆ ನಡೆಸಬೇಕೆಂದು ಕಾಯಿದೆ ಹೇಳುತ್ತದೆ ಎಂಬುದನ್ನು ಅಂಥವರು ತಿಳಿದಿರಲಿ.

ಫೀಸು ಮತ್ತು ಕಾಗದಪತ್ರಗಳು

ಫೀಸಿನ ಮಾತನ್ನು ಮೊದಲೇ ಸ್ಪಷ್ಟಪಡಿಸಿಕೊಂಡು, ಸಾಧ್ಯವಾದರೆ ಬರವಣಿಗೆಯಲ್ಲಿ ಇಟ್ಟುಕೊಳ್ಳಬೇಕು. ಪ್ರತಿ ತಾರೀಖಿಗೆ ಇಷ್ಟು ಎಂದೋ, ಒಂದೊಂದು ಹಂತಕ್ಕೆ ಇಷ್ಟು ಎಂದೋ ಗೊತ್ತುಮಾಡಿಕೊಂಡು, ಕೊಟ್ಟ ಹಣಕ್ಕೆ ರಸೀತಿ ಪಡೆಯಬೇಕು. ಸಿಗುವ ಜೀವನಾಂಶದಲ್ಲಿ ಪಾಲು ಕೇಳುವುದು, ಗೆದ್ದರೆ ಇಷ್ಟು ಎಂದು ಕರಾರು ಮಾಡುವುದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಿಗೆ ವಿರುದ್ಧವಾದುದು. ವಕೀಲರು ಜಾಹೀರಾತಿನ ಮೂಲಕ ಕಕ್ಷಿದಾರರನ್ನು ಆಕರ್ಷಿಸುವುದನ್ನೂ ಅದೇ ನಿಯಮಗಳು ನಿಷೇಧಿಸಿವೆ.

ಅರ್ಜಿಯ, ಉತ್ತರದ, ಆಜ್ಞೆಗಳ ಪ್ರತಿಯೊಂದು ತಮ್ಮ ಬಳಿಯೂ ಇರಲಿ. ಪ್ರತಿ ಮೊಕದ್ದಮೆಗೂ ಸಿ.ಎನ್.ಆರ್. ಎಂಬ ಹದಿನಾರು ಅಕ್ಷರ-ಅಂಕೆಗಳ ಗುರುತಿನ ಸಂಖ್ಯೆಯಿರುತ್ತದೆ. ಅದನ್ನು ಬರೆದಿಟ್ಟುಕೊಂಡರೆ ಇ-ಕೋರ್ಟ್ಸ್ ಸೇವೆಯ ಮೂಲಕ ಮುಂದಿನ ತಾರೀಖನ್ನು ಮನೆಯಲ್ಲಿಯೇ ಕುಳಿತು ತಿಳಿಯಬಹುದು. ವಕೀಲರ ಮೇಲೆ ವಿಶ್ವಾಸ ತಪ್ಪಿದರೆ ಅವರನ್ನು ಬದಲಾಯಿಸುವ ಸ್ವಾತಂತ್ರ್ಯವಿದೆ. ಫೀಸು ಬಾಕಿಯಿದೆ ಎಂಬ ಕಾರಣಕ್ಕೆ ಕಕ್ಷಿದಾರರ ಕಾಗದಪತ್ರಗಳನ್ನು ವಕೀಲರು ತಡೆಹಿಡಿಯುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿಯೇ ತೀರ್ಮಾನಿಸಿದೆ.

ಹಣವಿಲ್ಲದವರು ನಿರಾಶರಾಗಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮಿನಂತೆ ಸ್ತ್ರೀಯರಿಗೂ ಮಕ್ಕಳಿಗೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಅವರ ವಿಷಯದಲ್ಲಿ ಆದಾಯದ ಮಿತಿಯಿಲ್ಲ. ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು. 15100 ಎಂಬ ಸಹಾಯವಾಣಿಗೆ ಕರೆ ಮಾಡಿಯೂ ವಿಚಾರಿಸಬಹುದು. ನಮ್ಮ ಅನೇಕ ಸೋದರಿಯರಿಗೆ ಈ ಸಂಗತಿ ತಿಳಿಯದೆ, ಒಡವೆ ಅಡವಿಟ್ಟು ಫೀಸು ಕೊಡುವ ಸ್ಥಿತಿ ಬಾರದಿರಲಿ.

ಪರಸ್ಪರ ಒಪ್ಪಿಗೆಯ ದಾರಿ

ಬಾಳುವೆ ಒಂದುಗೂಡದು ಎಂಬುದು ಇಬ್ಬರಿಗೂ ಮನವರಿಕೆಯಾಗಿದ್ದರೆ, ಹಿಂದೂ ವಿವಾಹ ಕಾಯಿದೆಯ 13ಬಿ ಕಲಮು ಜಗಳವಿಲ್ಲದ ದಾರಿಯನ್ನು ತೋರಿಸುತ್ತದೆ. ಒಂದು ವರ್ಷ ಪ್ರತ್ಯೇಕವಾಗಿ ಬಾಳಿದವರು ಒಟ್ಟಾಗಿ ಅರ್ಜಿ ಸಲ್ಲಿಸಿ, ಆರು ತಿಂಗಳ ನಂತರ, ಹದಿನೆಂಟು ತಿಂಗಳೊಳಗಾಗಿ ಮತ್ತೆ ಕೋರಿಕೆಯನ್ನು ದೃಢಪಡಿಸಬೇಕು. ಸೂಕ್ತ ಪ್ರಕರಣಗಳಲ್ಲಿ ಈ ಆರು ತಿಂಗಳನ್ನು ಮನ್ನಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಹೇಳಿತು. ಸರಿಪಡಿಸಲಾಗದಷ್ಟು ಮುರಿದ ವಿವಾಹವನ್ನು ಸಂವಿಧಾನದ 142ನೆಯ ವಿಧಿಯಂತೆ ತಾನೇ ರದ್ದುಗೊಳಿಸಬಹುದೆಂದು 2023ರಲ್ಲಿ ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ತೀರ್ಪಿತ್ತಿತು. ಆದರೆ ಇದು ಸರ್ವೋಚ್ಚ ನ್ಯಾಯಾಲಯಕ್ಕೆ ಮಾತ್ರ ಇರುವ ಅಧಿಕಾರ. ಆ ತೀರ್ಪನ್ನು ತೋರಿಸಿ, ಬಾಂದ್ರಾದಲ್ಲಿ ಒಂದೇ ತಿಂಗಳಲ್ಲಿ ಕೆಲಸ ಮುಗಿಸಿಕೊಡುತ್ತೇನೆ ಎನ್ನುವವರ ಮಾತಿಗೆ ಮರುಳಾಗಬಾರದು.

ಒಪ್ಪಂದದ ಅರ್ಜಿಯಾದುದರಿಂದ ಒಬ್ಬರೇ ವಕೀಲರು ಸಾಕು ಎಂದು ಖರ್ಚು ಉಳಿಸುವವರಿದ್ದಾರೆ. ಅಂಥ ಸಂದರ್ಭದಲ್ಲಿಯೂ ಒಪ್ಪಂದದ ಕರಡನ್ನು ಪ್ರತಿಯೊಬ್ಬರೂ ತಮ್ಮ ಕಡೆಯ ಬೇರೆ ವಕೀಲರಿಂದ ಓದಿಸಿಕೊಳ್ಳುವುದು ಕ್ಷೇಮ. ಮಗುವಿನ ಶಾಲೆಯ ಖರ್ಚು ಯಾರದು, ದಸರಾ ರಜೆ ಯಾರಲ್ಲಿ, ಬೇಸಿಗೆ ರಜೆ ಯಾರಲ್ಲಿ, ಕಾಯಿಲೆ ಬಂದಾಗ ಯಾರಿಗೆ ಯಾವಾಗ ತಿಳಿಸಬೇಕು, ಊರಿನಲ್ಲಿರುವ ಅಜ್ಜ ಅಜ್ಜಿಯರನ್ನು ಕಾಣುವ ಬಗೆ ಹೇಗೆ ಎಂಬ ಚಿಕ್ಕ ಮಾತುಗಳನ್ನು ಬಿಡಿಬಿಡಿಯಾಗಿ ಬರೆಯಿಸಿಕೊಳ್ಳಬೇಕು. ಮುಂದಿನ ಹತ್ತು ವರ್ಷಗಳ ಶಾಂತಿಯೂ ಕಲಹವೂ ಈ ಚಿಕ್ಕ ಮಾತುಗಳನ್ನೇ ಅವಲಂಬಿಸಿರುತ್ತವೆ.

ಮಗುವಿನ ಆರೋಗ್ಯ

ತಂದೆ ತಾಯಿಯರ ವ್ಯಾಜ್ಯವು ಮಗುವಿನ ಶರೀರದಲ್ಲಿಯೂ ಕಾಣಿಸಿಕೊಳ್ಳುವುದುಂಟು. ನಿದ್ರಾಭಂಗ, ಕಾರಣವಿಲ್ಲದ ಹೊಟ್ಟೆನೋವು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆಮಾಡುವ ಅಭ್ಯಾಸ ಮರಳುವುದು, ಓದಿನಲ್ಲಿ ಹಿಂದೆ ಬೀಳುವುದು, ಮೌನ ಅಥವಾ ಹಟ, ಇವು ಮನಸ್ಸಿನ ಒತ್ತಡದ ಲಕ್ಷಣಗಳಾಗಿರಬಹುದು. ಇಂಥ ಸಂದರ್ಭದಲ್ಲಿ ಮಕ್ಕಳ ವೈದ್ಯರನ್ನೂ, ಅವಶ್ಯವಿದ್ದರೆ ಮನೋವೈದ್ಯರನ್ನೂ ಕಾಣಬೇಕು. ಅದು ಮಗುವಿನ ಚಿಕಿತ್ಸೆಗಾಗಿ ಇರಲಿ, ಎದುರು ಪಕ್ಷದ ಮೇಲೆ ಸಾಕ್ಷ್ಯ ಕೂಡಿಹಾಕುವುದಕ್ಕಾಗಿ ಅಲ್ಲ. ನ್ಯಾಯಾಲಯದ ಸಂಗತಿಯನ್ನು ಮಗುವಿನೆದುರು ಚರ್ಚಿಸುವುದು, ಹೇಳಬೇಕಾದ ಮಾತನ್ನು ಗಿಳಿಪಾಠ ಮಾಡಿಸುವುದು, ಭೇಟಿಯ ದಿನ ನೆಪವೊಡ್ಡಿ ತಪ್ಪಿಸುವುದು ಇವೆಲ್ಲ ಮಗುವಿಗೆ ಕೊಡುವ ಪೆಟ್ಟುಗಳೇ. ಅವು ನ್ಯಾಯಾಧೀಶರ ಗಮನಕ್ಕೆ ಬಾರದೆ ಇರುವುದೂ ವಿರಳ.

ವಕೀಲರ ಯೋಗ್ಯತೆಯನ್ನು ಅಳೆಯಲು ಇದೂ ಒಂದು ಒರೆಗಲ್ಲು. ಕಟುವಾದ ಆರೋಪಗಳನ್ನು ಅರ್ಜಿಯಲ್ಲಿ ತುಂಬಿದಷ್ಟೂ ಮೊಕದ್ದಮೆ ಬಲವಾಗುತ್ತದೆಂದು ಭಾವಿಸುವವರಿದ್ದಾರೆ. ಆ ಅರ್ಜಿಯನ್ನು ಮುಂದೊಂದು ದಿನ ಬೆಳೆದ ಮಗನೋ ಮಗಳೋ ಓದಬಹುದು. “ಈ ವಾಕ್ಯ ಅವಶ್ಯವೇ?” ಎಂದು ಕೇಳಿ, ಅನಾವಶ್ಯಕವಾದುದನ್ನು ಹೊಡೆದುಹಾಕುವ ವಕೀಲರು ದೊರೆತರೆ ಅವರನ್ನು ಬಿಡಬಾರದು. ಇದರ ಅರ್ಥ ನಿಜವಾದ ಹಿಂಸೆಯನ್ನು ಮುಚ್ಚಿಡಬೇಕೆಂದಲ್ಲ. ಹೊಡೆತ, ಬೆದರಿಕೆ, ಮನೆಯಿಂದ ಹೊರಹಾಕುವುದು ಇಂಥವು ನಡೆದಿದ್ದರೆ ತಡಮಾಡದೆ ಹೇಳಬೇಕು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯು ನೊಂದ ಸ್ತ್ರೀಯು ತಾತ್ಕಾಲಿಕವಾಗಿ ಆಶ್ರಯ ಪಡೆದ ಊರಿನಲ್ಲಿಯೂ ರಕ್ಷಣೆ ಕೋರಲು ಅವಕಾಶ ಕೊಟ್ಟಿದೆ.

ಊರಿನ ಹಿರಿಯರಲ್ಲಿಯೂ, ಇಲ್ಲಿಯ ಬಂಧುಗಳಲ್ಲಿಯೂ ಒಂದು ವಿನಂತಿ. ಮಕ್ಕಳ ಸಂಸಾರ ಮುರಿಯುವ ಸ್ಥಿತಿಗೆ ಬಂದಾಗ, ನಮ್ಮ ಪರಿಚಯದ ವಕೀಲರನ್ನೇ ಹಿಡಿಯಬೇಕೆಂದು ಹಟ ಮಾಡಬೇಡಿ. ಪರಿಚಯದ ಆ ವಕೀಲರಿಂದ ಪಡೆಯಬಹುದಾದ ಉತ್ತಮ ಸಹಾಯವೆಂದರೆ, ಸಂಬಂಧಪಟ್ಟ ನ್ಯಾಯಾಲಯದಲ್ಲಿ ಕೆಲಸ ಮಾಡುವ ಯೋಗ್ಯರೊಬ್ಬರ ಹೆಸರನ್ನು ಸೂಚಿಸುವಂತೆ ಕೇಳುವುದು. ತಾರೀಖಿನ ದಿನ ಮಗಳೊಡನೆಯೋ ಮಗನೊಡನೆಯೋ ಬಾಂದ್ರಾದವರೆಗೆ ಹೋಗಿ, ಮಧ್ಯಾಹ್ನ ಬುತ್ತಿ ಬಿಚ್ಚಿ ಜತೆಯಲ್ಲಿ ಕುಳಿತುಕೊಳ್ಳಿ. ಶಾಲೆಯಿಂದ ಮರಳುವ ಮೊಮ್ಮಗನಿಗೆ ಆ ದಿನ ಬಾಗಿಲು ತೆರೆಯಲು ಮನೆಯಲ್ಲಿ ಒಬ್ಬರು ಇರಲಿ.